ಎಡಗಡೆಯ ರಾಣಿ

ಬಟವಾಡಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಬಾಗಿಲಿರಲಿಲ್ಲ. ಅಜ್ಜಿಯ ಹಳೆಯ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಹೊಲಿದು ಪರದೆ ಬಿಟ್ಟಿದ್ದರು. ಒಂದು ಕಾಲಕ್ಕೆ ಕುಂಕುಮ ಬಣ್ಣದ್ದಿರಬೇಕು, ಒಗೆದು ಒಗೆದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಕೈ ಒರೆಸುವ ಎತ್ತರದಲ್ಲಿ ಮಾತ್ರ ಅರಿಶಿನ, ಎಣ್ಣೆ, ರಾಗಿ ಹಿಟ್ಟು ಎಲ್ಲ ಸೇರಿ ಹೆಸರಿಲ್ಲದ ಇನ್ನೊಂದು ಬಣ್ಣ ಬಂದಿತ್ತು. ಪರದೆಯ ಈಚೆ ಗಂಡಸರು, ಆಚೆ ಹೆಂಗಸರು ಎಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಹಾಗೇ ನಡೆಯುತ್ತಿತ್ತು. ನಾನು ಐದನೇ ಕ್ಲಾಸಿನ ಹುಡುಗಿ, ಎರಡೂ ಕಡೆ ಓಡಾಡಲು ನನಗೆ ಪರವಾನಗಿ ಇತ್ತು. ಬಾಯಿ ಬಿಟ್ಟು ನೋಡುವಂಥದ್ದು ಲೋಕದಲ್ಲಿ ಏನಿದ್ದರೂ ಅದು ಪರದೆಯ ಈಚೆಗೇ ಇರುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ.

ಆ ನಂಬಿಕೆ ಹುಟ್ಟಿಸಿದವನು ಅಪ್ಪ. ಹೆಸರು ನಂಜಪ್ಪ, ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಸಾರಿ ಎನ್ನುವಷ್ಟು ಸಂಕೋಚದ ಮನುಷ್ಯ. ಆದರೆ ಊರಲ್ಲಿ ನೋಡುವಂಥದ್ದು ಏನೋ ಇದೆ ಎಂದು ಕಿವಿಗೆ ಬಿದ್ದರೆ ಸಾಕು, ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು ಹೊರಟೇಬಿಡುತ್ತಿದ್ದ. ಶಿವರಾತ್ರಿಯ ಸುಮಾರಿಗೆ ಕ್ಯಾತ್ಸಂದ್ರದಲ್ಲಿ ವಸ್ತುಪ್ರದರ್ಶನ. ಅಲ್ಲಿ ನನ್ನಷ್ಟೇ ತೂಕದ ಕುಂಬಳಕಾಯಿಯನ್ನು ಮುಟ್ಟಿ ನೋಡಿದ್ದೇನೆ. ವಾಪಸ್ ಬರುವಾಗ ತಟ್ಟೆ ಇಡ್ಲಿ ತಿನ್ನದೆ ಬಂದರೆ ಪ್ರದರ್ಶನ ನೋಡಿದ ಲೆಕ್ಕವೇ ಅಲ್ಲ. ರಾಮನವಮಿಗೆ ಬೀದಿಬೀದಿಯ ಚಪ್ಪರದಲ್ಲಿ ಪಾನಕ, ಕೋಸಂಬರಿ, ಸಂಜೆಗೆ ಪಿಟೀಲು. ಗಣೇಶನ ಮುಂದೆ ಆರ್ಕೆಸ್ಟ್ರಾ. ನವೆಂಬರಿನಲ್ಲಿ ರಾಜ್ಯೋತ್ಸವದ ಮೆರವಣಿಗೆ, ಅದರಲ್ಲಿ ಲಾರಿಯ ಮೇಲೆ ಕಿರೀಟ ಇಟ್ಟುಕೊಂಡು ಅಲುಗಾಡದೆ ನಿಂತ ತಾಯಿ ಭುವನೇಶ್ವರಿ. ಅವಳ ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತಲಿಲ್ಲವೆಂದು ನಾನು ಒಂದು ವಾರ ಅದನ್ನೇ ಹೇಳಿಕೊಂಡು ತಿರುಗಿದ್ದೆ. ಪ್ರತಿ ಸಲವೂ ಅಪ್ಪ ನನ್ನನ್ನು ಹೆಗಲ ಮೇಲೆ ಎತ್ತಿ ಅದೇ ಮಾತು ಹೇಳುತ್ತಿದ್ದ.

"ಕಣ್ ತುಂಬ ನೋಡ್ಕೊ ಪುಟ್ಟಿ. ಮನೇಗ್ ಹೋಗಿ ನಿಮ್ಮಮ್ಮಂಗೆ ಎಲ್ಲಾ ಹೇಳ್ಬೇಕು ಕಣೇ."

ಏಕೆಂದರೆ ಅಮ್ಮ ಬರುತ್ತಿರಲಿಲ್ಲ. ಬರಬೇಡ ಎಂದು ಯಾರೂ ಅಂದಿರಲಿಲ್ಲ. ಮುದ್ದೆಗೆ ಎಸರಿಡುವ ಹೊತ್ತು, ಅಜ್ಜಿಗೆ ಬಿಸಿನೀರು ಕಾಯಿಸುವ ಹೊತ್ತು, ಹೀಗೆ ಎಲ್ಲ ಮೆರವಣಿಗೆಗಳೂ ಯಾವುದೋ ಒಂದು ಹೊತ್ತಿಗೆ ಅಡ್ಡ ಬರುತ್ತಿದ್ದವು. ನಾನು ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಹೇಳುತ್ತಿದ್ದೆ. ಅವಳು ರೊಟ್ಟಿ ತಟ್ಟುತ್ತಾ ಕೇಳುತ್ತಿದ್ದಳು. ಭುವನೇಶ್ವರಿಯ ಸೀರೆಯ ಅಂಚು ಯಾವ ಬಣ್ಣ, ಪಿಟೀಲಿನವರು ಕಣ್ಣು ಮುಚ್ಚಿಕೊಂಡು ಬಾರಿಸಿದರೋ ಬಿಟ್ಟುಕೊಂಡೋ, ಹೀಗೆ ಅವಳ ಪ್ರಶ್ನೆಗಳು ನಾನು ನೋಡದೆ ಬಿಟ್ಟ ಜಾಗಕ್ಕೇ ಬಂದು ಬೀಳುತ್ತಿದ್ದವು. ಉತ್ತರ ಗೊತ್ತಿಲ್ಲದೆ ನಾಚಿಕೆಯಾಗಿ ಮುಂದಿನ ಸಲ ಇನ್ನಷ್ಟು ಹುಷಾರಾಗಿ ನೋಡುತ್ತಿದ್ದೆ. ಇವತ್ತು ನಾನು ನಾಲ್ಕು ಸಾಲು ಬರೆಯುವವಳಾಗಿದ್ದರೆ ಅದು ಆ ಮೆಟ್ಟಿಲ ಮೇಲೆ ಆದದ್ದು.

ಇಷ್ಟೆಲ್ಲ ಉತ್ಸವಗಳ ನಡುವೆ ನಮ್ಮ ಮನೆಯದೇ ಆದ ಒಂದಿತ್ತು. ದಸರಾ ರಜೆಯ ಒಂದು ಭಾನುವಾರ, ಊರಿನ ರಂಗಮಂದಿರದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ ಶುರುವಾಗಿ ಸಂಜೆಯವರೆಗೆ ಹಗಲು ನಾಟಕ. ಆಡುವವರು ಅಪ್ಪ, ಅಪ್ಪನ ಕಚೇರಿಯವರು, ಬೀದಿಯವರು. ಹಿಟ್ಟಿನ ಗಿರಣಿಯವನು ಸೇನಾಪತಿ, ಪೋಸ್ಟ್‌ಮ್ಯಾನ್ ಮಂತ್ರಿ. ಬಸ್ಸಿನಲ್ಲಿ ಸಾರಿ ಎನ್ನುವ ನಮ್ಮಪ್ಪ ದುಷ್ಟ ರಾಜ! ಕಲಿಸುವವರು ಗುಬ್ಬಿಯಿಂದ ಬರುವ ಹಾರ್ಮೋನಿಯಂ ಮೇಷ್ಟ್ರು. ಗುಬ್ಬಿಯಲ್ಲಿ ಕಲ್ಲು ಎತ್ತಿದರೆ ಅದರ ಕೆಳಗೂ ಒಬ್ಬ ನಟ ಇರುತ್ತಾನೆ ಎಂದು ಅಪ್ಪ ಹೇಳುತ್ತಿದ್ದ, ಮೇಷ್ಟ್ರನ್ನು ನೋಡಿದರೆ ನಿಜ ಅನ್ನಿಸುತ್ತಿತ್ತು. ನಾಟಕ ಅವರೇ ಬರೆದದ್ದು, ಸುತ್ತಮುತ್ತ ಹತ್ತಾರು ಊರಿಗೆ ಕಲಿಸಿದ್ದು. ಕಥೆ ಇಷ್ಟೇ. ಯುದ್ಧದಲ್ಲಿ ಸೋತವನ ರಾಣಿಯನ್ನು ಗೆದ್ದ ರಾಜ ತನ್ನ ಸಭೆಗೆ ಎಳೆತರಿಸಿ ಹೀಯಾಳಿಸುತ್ತಾನೆ. ರಾಣಿ ಅಳುವುದಿಲ್ಲ. ನಿಂತು ಏಳು ಪದ ಹಾಡಿ ಇಡೀ ಸಭೆಯನ್ನು ಪ್ರಶ್ನೆ ಕೇಳುತ್ತಾಳೆ. ಕೊನೆಯ ಪದಕ್ಕೆ ರಾಜ ಗಹಗಹಿಸಿ ನಗಬೇಕು, ಆ ನಗುವಿನಿಂದಲೇ ಅವನ ಕೇಡು ಶುರುವಾಗಬೇಕು.

ಶ್ರಾವಣದಿಂದಲೇ ನಮ್ಮ ಹಾಲಿನಲ್ಲಿ ಸಂಜೆ ಪ್ರಾಕ್ಟೀಸು. ಈ ಕಡೆಯ ಪದ್ಧತಿಯೆಂದರೆ ಗಂಡಸರ ಪಾತ್ರಕ್ಕೆ ಎರಡು ತಿಂಗಳು ತಾಲೀಮು. ಹೆಣ್ಣು ಪಾತ್ರಕ್ಕೆ ಮಾತ್ರ ನಾಟಕ ಬಲ್ಲ ಕಲಾವಿದೆಯೊಬ್ಬರು ಆ ದಿನಕ್ಕೇ ಬಂದು ಬಣ್ಣ ಹಚ್ಚಿಕೊಂಡು ಅಭಿನಯಿಸಿ ಮುಂದಿನ ಊರಿಗೆ ಬಸ್ಸು ಹತ್ತುತ್ತಾರೆ. ಹಾಗಾಗಿ ತಾಲೀಮಿನಲ್ಲಿ ರಾಣಿಯೇ ಇರುತ್ತಿರಲಿಲ್ಲ. ಎದುರು ಪದ ಇಲ್ಲದೆ ರಾಜ ಯಾರಿಗೆ ಬೈಯಬೇಕು? ಮೊದಮೊದಲು ಮೇಷ್ಟ್ರೇ ಹೆಣ್ಣು ದನಿ ಮಾಡಿ ಹಾಡುತ್ತಿದ್ದರಂತೆ. ಒಂದು ಸಂಜೆ ಅವರಿಗೆ ಕೆಮ್ಮು ಬಂದು ನಿಂತಾಗ ಪರದೆಯ ಆಚೆಯಿಂದ ಆ ಪದ ತಾನಾಗಿ ಮುಂದುವರಿಯಿತಂತೆ. ಕೇಳಿ ಕೇಳಿ ಅಮ್ಮನಿಗೆ ಬಾಯಿಪಾಠವಾಗಿತ್ತು. ಅಂದಿನಿಂದ ಆ ಜಾಗ ಬಂದಾಗಲೆಲ್ಲ ಮೇಷ್ಟ್ರು ಎಡಗಡೆಗೆ ಕತ್ತು ತಿರುಗಿಸಿ ಕೂಗುತ್ತಿದ್ದರು.

"ತಾಯೀ, ರಾಣಿ!"

ಒಳಗಿನಿಂದ ಸೊಪ್ಪು ಬಿಡಿಸುತ್ತಲೋ ಕಾಯಿ ತುರಿಯುತ್ತಲೋ ಅಮ್ಮ ಹಾಡುತ್ತಿದ್ದಳು. ಈಚೆಯಿಂದ ಅಪ್ಪ ಪರದೆಗೆ ಬೆರಳು ತೋರಿಸಿ ಗದರುತ್ತಿದ್ದ. ಅಜ್ಜಿ ಇದನ್ನು ಸಹಿಸಿಕೊಂಡಿದ್ದಳು, ಒಂದೇ ಷರತ್ತಿನ ಮೇಲೆ: ಹಾಡು ಈಚೆ ಬಂದರೂ ಹಾಡುವವಳು ಈಚೆ ಬರಬಾರದು. ನನಗಂತೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಒಗ್ಗರಣೆಯ ಸದ್ದಿನ ಹಾಗೆ ಅದೂ ಅಡುಗೆಮನೆಯ ಒಂದು ಸದ್ದು.

ಇದರಿಂದ ಒಂದು ಎಡವಟ್ಟಾಗುತ್ತಿತ್ತು. ವರ್ಷಗಟ್ಟಲೆ ಎಡಗಡೆಯ ಪರದೆ ನೋಡಿಕೊಂಡೇ ಬೈದು ಅಭ್ಯಾಸವಾದ ಅಪ್ಪ, ನಾಟಕದ ದಿನ ನಿಜವಾದ ರಾಣಿ ಬಲಗಡೆ ಬಂದು ನಿಂತರೂ ಎಡಕ್ಕೇ ತಿರುಗಿ ಕೂಗಾಡುತ್ತಿದ್ದ. ಅಲ್ಲಿರುತ್ತಿದ್ದುದು ರಂಗದ ಪಕ್ಕದ ಪರದೆ ಮಾತ್ರ. ಜನ ಬಿದ್ದು ಬಿದ್ದು ನಗುತ್ತಿದ್ದರು. ಮೇಷ್ಟ್ರು ಪ್ರತಿ ವರ್ಷ ಹಣೆ ಚಚ್ಚಿಕೊಳ್ಳುತ್ತಿದ್ದರು.

"ನಂಜಪ್ಪೋರೆ, ರಾಣಿ ಬಲಗಡೆ ನಿಂತವ್ಳೆ. ನೀವ್ಯಾಕ್ ಸ್ವಾಮಿ ಬಟ್ಟೆ ಜೊತೆ ಜಗಳ ಆಡ್ತೀರಾ?"

ಅಪ್ಪ ಕತ್ತು ತಗ್ಗಿಸಿ ಮುಂದಿನ ವರ್ಷ ಸರಿಮಾಡ್ಕೋತೀನಿ ಎನ್ನುತ್ತಿದ್ದ. ಅಮ್ಮ ಮಾತ್ರ ಈ ಫಜೀತಿಯನ್ನು ಒಮ್ಮೆಯೂ ನೋಡಿರಲಿಲ್ಲ. ನಾಟಕದ ದಿನ ಮೂವತ್ತು ಜನಕ್ಕೆ ಚಿತ್ರಾನ್ನ, ಮೊಸರನ್ನ ಅವಳೇ ಮಾಡಿ ಆಟೋದಲ್ಲಿ ಕಳಿಸಬೇಕಿತ್ತು. ಆ ನಾಟಕದ ಒಂದೊಂದು ಅಕ್ಷರ ಬಲ್ಲವಳು, ಪರದೆ ಮೇಲೇಳುವುದನ್ನು ಕಂಡವಳಲ್ಲ.

ಆ ವರ್ಷ ರಾಣಿಯಾಗಿ ಬರಬೇಕಾಗಿದ್ದವಳು ಪುಷ್ಪಕ್ಕ. ಸಾಮಾನ್ಯವಾಗಿ ಕಲಾವಿದೆಯರನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಇಳಿಸುತ್ತಿದ್ದರು. ದಸರಾ ಗದ್ದಲದಲ್ಲಿ ಎಲ್ಲೂ ರೂಮು ಸಿಗದೆ ಶನಿವಾರ ಮಧ್ಯಾಹ್ನ ಮೇಷ್ಟ್ರು ಅವಳನ್ನು ನೇರ ನಮ್ಮ ಮನೆಗೇ ಕರೆತಂದರು. ಗುರುವಾರ ಗುಬ್ಬಿಯಲ್ಲಿ, ಶುಕ್ರವಾರ ಕುಣಿಗಲ್ಲಿನಲ್ಲಿ ನಾಟಕ ಮುಗಿಸಿ ಬಂದಿದ್ದಳು. ನಾನು ಕಿರೀಟ ಇಲ್ಲದಿದ್ದರೂ ಕನಿಷ್ಠ ಕಾಡಿಗೆಯಾದರೂ ಇರುತ್ತದೆ ಎಂದು ಗೇಟಿನವರೆಗೆ ಓಡಿದ್ದೆ. ಇಳಿದದ್ದು ನಮ್ಮ ಶಾಲೆಯ ಆಯಾಳ ಹಾಗೆ ಇರುವ ಸಣಕಲು ಹೆಂಗಸು, ಪಾಲಿಯೆಸ್ಟರ್ ಸೀರೆ, ಕೈಯಲ್ಲಿ ಜಿಪ್ಪು ಕಿತ್ತುಹೋದ ರೆಕ್ಸಿನ್ ಬ್ಯಾಗು. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಜಗುಲಿಯಲ್ಲೇ ಬಾಳೆ ಎಲೆ ಹಾಕಿದಳು.

"ಇಲ್ಲೇ ಕುಂತ್ಕಳವ್ವ, ಗಾಳಿ ಚೆನ್ನಾಗದೆ."

"ಹೂನವ್ವ, ಒಳ್ಳೆ ಗಾಳಿ," ಅಂದು ಪುಷ್ಪಕ್ಕ ಕೂತಳು. ಗಾಳಿಗೂ ಆ ಎಲೆಗೂ ಸಂಬಂಧವಿಲ್ಲ ಎಂದು ನನಗೇ ಗೊತ್ತಾಗಿತ್ತು. ನಾಟಕದ ಹೆಂಗಸನ್ನು ಒಳಗೆ ಕೂರಿಸಬಾರದು ಎನ್ನುವುದು ಅಜ್ಜಿಯ ಕಾನೂನು. ಎಷ್ಟು ಊರಿನ ಎಷ್ಟು ಜಗುಲಿಯ ಗಾಳಿ ಕುಡಿದಿದ್ದಳೋ ಅವಳು, ಮುಖದಲ್ಲಿ ಏನೂ ತೋರಿಸದೆ ಮುದ್ದೆ ಮುರಿದಳು. ಆಗ ಅಮ್ಮ ತನ್ನ ತಟ್ಟೆ ಹಿಡಿದುಕೊಂಡು, ಪರದೆ ಸರಿಸಿ, ಹಾಲ್ ದಾಟಿ ಜಗುಲಿಗೆ ಬಂದಳು.

"ಒಳಗ್ ಸೆಖೆ ಅತ್ತೆ. ನಾನೂ ಇಲ್ಲೇ ಗಾಳೀಗ್ ಕುಂತ್ಕತೀನಿ."

ಅಜ್ಜಿ ಸಾರಿನ ಸೌಟು ಹಿಡಿದವಳು ಹಿಡಿದಂತೆ ನಿಂತಳು. ಅಮ್ಮ ಅವಳ ಎದುರು ಹೀಗೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಇಬ್ಬರಿಗೂ ಬಡಿಸದೆ ವಿಧಿಯಿರಲಿಲ್ಲ, ಬಡಿಸಿದಳು.

ಸಂಜೆ ಕಡೆಯ ತಾಲೀಮು. ನಾಳೆಗೆ ಗಂಟಲು ಉಳಿಸಿಕೊಳ್ಳಲೆಂದು ಪುಷ್ಪಕ್ಕ ಜಗುಲಿಯಲ್ಲೇ ಬಾಗಿಲ ಪಕ್ಕ ಕೂತು ಬಿಸಿನೀರು ಗುಟುಕರಿಸುತ್ತಿದ್ದಳು. ಮೇಷ್ಟ್ರು ಎಂದಿನಂತೆ ತಾಯೀ ರಾಣಿ ಎಂದರು. ಎರಡನೆಯ ಪದ ಮುಗಿಯುವಷ್ಟರಲ್ಲಿ ಪುಷ್ಪಕ್ಕ ಲೋಟ ಕೆಳಗಿಟ್ಟು ಎದ್ದಳು. ನೆಟ್ಟಗೆ ಒಳಗೆ ಹೋಗಿ ಪರದೆ ಎತ್ತಿ ಹಿಡಿದಳು. ಒಳಗೆ ಅಮ್ಮ ಮೊರದ ತುಂಬ ದಂಟಿನ ಸೊಪ್ಪು ಹರಡಿಕೊಂಡು ಕೂತಿದ್ದಳು. ಕಳ್ಳತನ ಸಿಕ್ಕಿಬಿದ್ದಂತೆ ತಟ್ಟನೆ ನಿಲ್ಲಿಸಿದಳು.

"ಎಲ್ ಕಲ್ತಿದ್ದಕ್ಕ?" ಪುಷ್ಪಕ್ಕನ ದನಿ ಆಗಲೇ ಒಡೆದಿತ್ತು.

"ಎಲ್ಲೂ ಇಲ್ಲ. ಇಲ್ಲೇ."

"ಇಪ್ಪತ್ ವರ್ಷದಿಂದ ಇದ್ನೇ ಹಾಡ್ತಿದೀನಿ ನಾನು. ಮೂರ್ನೇ ಸಾಲು ಅಲ್ಲಿ ನಿಲ್ಸಿ ಎತ್ಬೇಕು ಅಂತ ನಂಗೊತ್ತೇ ಇರ್ಲಿಲ್ಲ. ನಾಟಕದಲ್ಲಿ ಯಾರ್ದಾರ ಕೇಳಿದ್ರಾ?"

"ನಾಟಕ ನೋಡಿಲ್ಲ ಕಣಮ್ಮ," ಅಂದಳು ಅಮ್ಮ, ಸೊಪ್ಪಿಗೆ ಹೇಳುವವಳಂತೆ. "ಒಂದ್ಸಲ ನೋಡ್ಬೇಕು ಅಂತ ಆಸೆ. ಆಗಲ್ಲ."

ಅಮ್ಮನಿಗೆ ಆಸೆ ಎನ್ನುವುದೊಂದು ಇದೆ ಎಂದು ನನಗೆ ಗೊತ್ತಾದದ್ದು ಆಗ. ನಾಚಿಕೆಯಾಯಿತು. ಇಷ್ಟು ವರ್ಷ ನಾನು ಹೇಳಿದ್ದೇ ಅವಳಿಗೆ ಸಾಕು ಅಂದುಕೊಂಡಿದ್ದೆ.

ಭಾನುವಾರ ಬೆಳಗ್ಗೆ ಅಪ್ಪ ಬಣ್ಣ ಹಚ್ಚಿಸಿಕೊಳ್ಳಲು ಆರು ಗಂಟೆಗೇ ಹೊರಟುಹೋಗಿದ್ದ. ಏಳು ಗಂಟೆಗೆ ಪುಷ್ಪಕ್ಕ ಎದ್ದು ಬಾಯಿ ತೆರೆದರೆ ಬರೀ ಗಾಳಿ. ಅಮ್ಮ ಮೆಣಸು ಜೀರಿಗೆ ಕಷಾಯ ಮಾಡಿ ಕುಡಿಸಿದಳು, ಮುಕ್ಕಳಿಸಲು ಬಿಸಿ ಉಪ್ಪುನೀರು ಕೊಟ್ಟಳು, ಏನೂ ಆಗಲಿಲ್ಲ. ರಾತ್ರಿ ನಮ್ಮಲ್ಲೇ ಉಳಿದಿದ್ದ ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯ ಮೇಲೇ ತಲೆ ಹಿಡಿದು ಕೂತರು. ಸೀನರಿ ಬಂದಾಗಿದೆ, ಜನ ಸೇರುತ್ತಾರೆ, ಹಬ್ಬದ ದಿನ ಇನ್ನೊಬ್ಬ ಕಲಾವಿದೆ ಎಲ್ಲಿಂದ ಬರಬೇಕು? ಆಗ ಪುಷ್ಪಕ್ಕ ಅಮ್ಮನ ಕೈ ಹಿಡಿದು ಪಿಸುಗುಟ್ಟಿದಳು.

"ಮೈ ನಂದು, ಗಂಟ್ಲು ಅಕ್ಕಂದು. ಮೇಷ್ಟ್ರೇ, ಅಕ್ಕ ಹಾಡ್ಲಿ, ನಾನ್ ತುಟಿ ಆಡುಸ್ತೀನಿ."

ಅಡುಗೆಮನೆಯಿಂದ ಅಜ್ಜಿ ಸಿಡಿದು ಬಂದಳು.

"ನಮ್ಮನೆ ಹೆಂಗ್ಸು ಸ್ಟೇಜ್ ಹತ್ತದಾ? ನಾಳೆ ಬೀದೀಲ್ ನಾನ್ ಹೆಂಗ್ ತಿರ್ಗಾಡ್ಲಿ?"

"ಹತ್ತಲ್ಲ ಅವ್ವ. ಪರದೆ ಹಿಂದೆ ನಿಂತ್ಕತಾರೆ." ಪುಷ್ಪಕ್ಕ ಸೀರೆಯ ಪರದೆಯ ಕಡೆ ನೋಡಿದಳು. "ಇಲ್ಲೂ ಅವ್ರು ಪರದೆ ಹಿಂದೇನೇ ಅಲ್ವಾ?"

ಅಜ್ಜಿ ಬಂದ ಹಾಗೇ ಒಳಗೆ ತಿರುಗಿದಳು. ಒಲೆಯ ಮುಂದೆ ಹೋಗಿ ನಿಂತು ಚಿತ್ರಾನ್ನದ ಹಂಡೆಯನ್ನು ಸುಮ್ಮನೆ ಕಲಸಿದಳು. ಬೇಕಾದ್ದಕ್ಕಿಂತ ಹೆಚ್ಚೇ ಕಲಸಿದಳು.

"ನನ್ ಮಗನ ನಾಟ್ಕ ನಿಲ್ಬಾರ್ದು, ಅದ್ಕೆ ಹೂ ಅಂತೀನಿ. ಯಾರ್ ಹಾಡಿದ್ದು ಅಂತ ಒಬ್ರಿಗೂ ಗೊತ್ತಾಗ್ಬಾರ್ದು. ತಿಳೀತಾ ಗೌರಿ?"

ಅಮ್ಮನ ಹೆಸರು ಗೌರಿ. ಮನೆಯಲ್ಲಿ ಆ ಹೆಸರು ಹಿಡಿದು ಕರೆಯುತ್ತಿದ್ದವಳು ಅಜ್ಜಿ ಒಬ್ಬಳೇ.

ಅಡುಗೆಯ ಹಂಡೆಗಳ ಜೊತೆ ನಾವೆಲ್ಲ ಒಂದೇ ಆಟೋದಲ್ಲಿ ಹೋದೆವು. ಅಪ್ಪನಿಗೆ ಸುದ್ದಿ ಹೇಳುವುದಕ್ಕೆ ಆಗಲಿಲ್ಲ. ಅವನು ಆಗಲೇ ಗದ್ದುಗೆಯ ಮೇಲೆ ಕೂತಾಗಿತ್ತು. ಬಲಗಡೆಯ ಪಕ್ಕ ಬಣ್ಣ ಹಚ್ಚಿದವರಿಂದ ತುಂಬಿಹೋಗಿತ್ತು. ಕೆಳಗೆ ಕೂತ ಮೇಷ್ಟ್ರು ಕಾಣುವುದು ಎಡಗಡೆಯಿಂದ, ಅದಕ್ಕೇ ಅಮ್ಮನನ್ನು ಅಲ್ಲಿ ನಿಲ್ಲಿಸಿದರು. ನೀರಿನ ಚೊಂಬು ಹಿಡಿದು ನಾನು ಅವಳ ಪಕ್ಕ. ರಾಜಬೀದಿಯ ಸೀನು ಮೇಲೆ ಹೋಗಿ ಅರಮನೆಯ ಸೀನು ಇಳಿದಾಗ ಅಮ್ಮ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋವಾಯಿತು. ಕಂಬಗಳು, ನವಿಲುಗಳು, ದೂರದ ಬೆಟ್ಟ, ಎಲ್ಲ ಬಟ್ಟೆಯ ಮೇಲೆ. ನಾನು ಎಷ್ಟೋ ವರ್ಷ ಬಂದು ವರ್ಣಿಸಿದ್ದ ಅರಮನೆ ಅದು. ಅವಳು ಉಸಿರೆತ್ತದೆ ನೋಡಿದಳು.

ಊಟದ ಹೊತ್ತಿಗೂ, ಈಗ ಹೇಳಿದರೆ ಗಾಬರಿಯಲ್ಲಿ ಅಪ್ಪ ಮಾತು ಮರೆತಾನು ಎಂದು ಮೇಷ್ಟ್ರು ತಡೆದರು. ಮಧ್ಯಾಹ್ನದ ಮೇಲೆ ರಾಣಿಯ ದೃಶ್ಯ. ಬಲಗಡೆಯಿಂದ ಪುಷ್ಪಕ್ಕ ಬಂದಳು. ಜಗುಲಿಯಲ್ಲಿ ಉಂಡ ಹೆಂಗಸು ಇವಳೇ ಎಂದು ನಂಬಲಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ನಾಲ್ಕು ಹೆಜ್ಜೆ ಇಟ್ಟಳು, ಅಷ್ಟಕ್ಕೇ ಜನ ಮಾತು ನಿಲ್ಲಿಸಿದರು. ಹಾರ್ಮೋನಿಯಂ ಸ್ವರ ಕೊಟ್ಟಿತು. ಅಮ್ಮನ ಬಾಯಿಂದ ದನಿ ಹೊರಡಲಿಲ್ಲ. ಮೇಷ್ಟ್ರು ಇನ್ನೊಮ್ಮೆ ಸ್ವರ ಕೊಟ್ಟರು. ಅಮ್ಮ ಬೆವೆತು ನನ್ನ ಕಡೆ ತಿರುಗಿದಳು.

"ಪುಟ್ಟಿ, ಬರೀ ಕೈ ಕಣೇ. ಕೈಗೇನಾರ ಕೊಡೇ."

ಕೈಯಲ್ಲಿ ಕೆಲಸವಿಲ್ಲದೆ ಅವಳು ಯಾವತ್ತೂ ಹಾಡಿದವಳೇ ಅಲ್ಲ. ಸೊಪ್ಪಿಗೆ ಎಲ್ಲಿ ಹೋಗಲಿ? ಮೂಲೆಯಲ್ಲಿ ಮೇಷ್ಟ್ರ ಎಲೆ ಅಡಿಕೆ ಚೀಲ ಇತ್ತು. ಇಡೀ ವೀಳ್ಯದೆಲೆಯ ಕಟ್ಟು ತಂದು ಅವಳ ಕೈಗಿಟ್ಟೆ. ಅವಳು ಅಲ್ಲೇ ನೆಲದ ಮೇಲೆ ಕೂತು, ಒಂದು ಎಲೆಯ ತೊಟ್ಟು ಕಿತ್ತಳು, ಹಾಡಿದಳು.

ಅಡುಗೆಮನೆಯ ಸದ್ದು ಅಂದುಕೊಂಡಿದ್ದೆನಲ್ಲ, ಅದೇ ದನಿ. ಆದರೆ ಗೋಡೆಗಳಿಲ್ಲದೆ, ಒಗ್ಗರಣೆ ಇಲ್ಲದೆ, ಸಾವಿರ ಜನ ಸುಮ್ಮನೆ ಕೂತ ಕತ್ತಲೆಯೊಳಕ್ಕೆ ಅದು ಹೋಗುತ್ತಿದ್ದುದನ್ನು ನಾನು ಕಂಡೆ. ಕೇಳಿದೆ ಎಂದು ಬರೆಯಬೇಕು, ಆದರೆ ಕಂಡೆ. ಇವಳು ನಮ್ಮಮ್ಮ, ಇವಳು ದಿನಾ ನನ್ನ ತಲೆ ಬಾಚುವವಳು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ನಿಂತೆ. ಅಲ್ಲಿ ಪುಷ್ಪಕ್ಕನ ತುಟಿ, ಇಲ್ಲಿ ಅಮ್ಮನ ಉಸಿರು. ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಗದ್ದುಗೆಯಿಂದ ಅಪ್ಪ ಬಲಕ್ಕೆ ತಿರುಗಲು ಹೋದವನು ಗಕ್ಕನೆ ನಿಂತ. ನಿಧಾನವಾಗಿ ಎಡಕ್ಕೆ ತಿರುಗಿದ. ಪರದೆಯ ಸಂದಿಯಲ್ಲಿ, ಎಲೆಯ ರಾಶಿಯ ಮುಂದೆ ಕೂತ ಅಮ್ಮ ಅವನಿಗೆ ಕಂಡಳು. ಜನ ಆ ವರ್ಷ ನಗಲಿಲ್ಲ. ದನಿ ಬರುತ್ತಿದ್ದದ್ದು ಅಲ್ಲಿಂದಲೇ.

ಏಳನೆಯ ಪದ ಮುಗಿಯಿತು. ಅಪ್ಪ ಗಹಗಹಿಸಿ ನಗಬೇಕಾದ ಜಾಗ. ಅಂಟಿಸಿದ ಮೀಸೆ ನಡುಗಿತು, ನಗು ಬರಲಿಲ್ಲ. ಕೈಯಲ್ಲಿದ್ದ ಗದೆಯನ್ನು ಮೆಲ್ಲಗೆ ಕೆಳಗಿಟ್ಟು, ಸಾಹೇಬರ ಮುಂದೆ ನಿಲ್ಲುವ ಹಾಗೆ ನಿಂತುಬಿಟ್ಟ. ಆಮೇಲೆ ಶಿಳ್ಳೆ, ಚಪ್ಪಾಳೆ, ಹಿಂದಿನ ಸಾಲಿನಿಂದ ವನ್ಸ್ ಮೋರ್, ವನ್ಸ್ ಮೋರ್ ಎಂಬ ಕೂಗು. ಅಮ್ಮ ಹೆದರಿ ನನ್ನ ಮುಖ ನೋಡಿದಳು.

"ಯಾಕೇ ಕೂಗ್ತವ್ರೆ? ತಪ್ಪಾಯ್ತಾ?"

"ಇಲ್ಲಮ್ಮ. ಇನ್ನೊಂದ್ಸಲ ಹೇಳ್ಬೇಕಂತೆ."

ಅವಳು ನಕ್ಕಳು. ಇನ್ನೊಂದು ಎಲೆ ಎತ್ತಿಕೊಂಡಳು.

ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂತಿದ್ದ ಗಿರಣಿಯವನ ಹೆಂಡತಿ ಆಮೇಲೆ ನಮಗೆ ಹೇಳಿದಳು. ಯಾರದವ್ವ ಈ ಗಂಟ್ಲು, ಈ ಹೆಂಗ್ಸು ಇಷ್ಟ್ ಚೆನ್ನಾಗ್ ಹಾಡ್ತಾಳಾ ಎಂದು ಅವಳು ಕೇಳಿದಳಂತೆ. ಯಾರಿಗೂ ಗೊತ್ತಾಗಬಾರದು ಎಂದು ಷರತ್ತು ಹಾಕಿದ್ದ ನಮ್ಮಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡು ಸಾಲಿಗೆ ಕೇಳುವ ಹಾಗೆ ಹೇಳಿದಳಂತೆ, "ಅವ್ಳಲ್ಲ ಕಣವ್ವ. ನಮ್ ಗೌರಿ." ಮನೆಗೆ ಬಂದ ಮೇಲೆ ಮಾತ್ರ ಆ ವಿಷಯ ಎತ್ತಲೇ ಇಲ್ಲ. ಚಿತ್ರಾನ್ನಕ್ಕೆ ಉಪ್ಪು ಕಮ್ಮಿಯಾಗಿತ್ತು ಅಂದಳು, ಅಷ್ಟೆ. ಬಸ್ಸಿಗೆ ಹೊರಟ ಪುಷ್ಪಕ್ಕನನ್ನು ಒಳಗೆ ಕರೆದು, ದೇವರ ಮುಂದೆ ಕೂರಿಸಿ, ಕುಂಕುಮ ಇಟ್ಟು ಮಡಿಲಿಗೆ ಎರಡು ತೆಂಗಿನಕಾಯಿ ಹಾಕಿದಳು. ಮೇಷ್ಟ್ರು ಒಂದು ಕಟ್ಟು ತೊಟ್ಟಿಲ್ಲದ ಎಲೆ ಹಿಡಿದುಕೊಂಡು, ಇನ್ನು ಒಂದು ವಾರ ನನಗೆ ಕೆಲಸವೇ ಇಲ್ಲ ಎಂದು ನಗುತ್ತಾ ಹೋದರು. ಆ ಸಂಜೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತ ನನಗೆ ವರ್ಣಿಸಲು ಏನೂ ಉಳಿದಿರಲಿಲ್ಲ. ಅಮ್ಮನೇ ಹೇಳಿದಳು, ನಾನು ಕೇಳಿದೆ. ಅರಮನೆಯ ಸೀನಿನಲ್ಲಿ ಬಲಗಡೆಯ ನವಿಲಿಗೆ ಒಂದು ಕಾಲು ಬರೆಯುವುದನ್ನೇ ಮರೆತಿದ್ದಾರಂತೆ. ಅದು ನನಗೆ ಅಷ್ಟು ವರ್ಷ ಕಂಡಿರಲೇ ಇಲ್ಲ.

ಮುಂದಿನ ಶ್ರಾವಣಕ್ಕೆ ಮತ್ತೆ ಹಾಲಿನಲ್ಲಿ ಚಾಪೆ ಹಾಸಿದ್ದಾಯಿತು. ಮೇಷ್ಟ್ರು ಹಾರ್ಮೋನಿಯಂ ತೆರೆದು, ಅಭ್ಯಾಸದಂತೆ ಎಡಕ್ಕೆ ತಿರುಗಿ ತಾಯೀ ರಾಣಿ ಎಂದು ಕೂಗಿದರು. ಒಳಗೆ ಅಮ್ಮ ಇನ್ನೇನು ಎತ್ತಿಕೊಳ್ಳಬೇಕು, ಅಜ್ಜಿ ಅವಳ ಕೈಯಿಂದ ಸೌಟು ಕಿತ್ತುಕೊಂಡಳು.

"ಹೋಗೇ, ಆಚೆ ಕುಂತ್ಕಂಡ್ ಹೇಳು. ಒಗ್ಗರಣೆ ನಾನ್ ಹಾಕ್ತೀನಿ. ಈ ಮೊರಾನೂ ತಗಂಡ್ ಹೋಗು, ಕೈಗ್ ಬೇಕಲ್ಲ ನಿಂಗೆ."

ಅಮ್ಮ ಸೊಪ್ಪಿನ ಮೊರ ಹಿಡಿದುಕೊಂಡು ಪರದೆ ದಾಟಿ ಬಂದಳು. ಬಲಗಡೆ, ಹಾರ್ಮೋನಿಯಂ ಪಕ್ಕ ಕೂತಳು. ಹಾಡಿದಳು. ರಾಜನಾದ ಅಪ್ಪ ಎದ್ದ, ಕಣ್ಣು ಕೆಂಪು ಮಾಡಿದ, ಎಂದಿನ ಹಾಗೆ ಎಡಕ್ಕೆ ತಿರುಗಿ ಅಡುಗೆಮನೆಗೆ ಬೆರಳು ತೋರಿಸಿ ಗುಡುಗಿದ. ಪರದೆ ಸರಿಯಿತು. ಸೌಟು ಹಿಡಿದ ಅಜ್ಜಿ ಈಚೆ ಬಂದು ನಿಂತಳು.

"ಏನ್ಲಾ ನಂಜ, ನನ್ನ್ಯಾಕ್ಲಾ ಬೈತೀಯ? ನಿನ್ ರಾಣಿ ಅಲ್ ಕುಂತವ್ಳೆ. ಆ ಕಡೆ ತಿರ್ಗು!"

ಅಪ್ಪ ತಿರುಗಿದ.